ಫೋನು ನುಂಗಿದ ಶ್ರುತಿ

ತೆಪೆಲೆನಾ ಊರಿನ ಬಸ್ ನಿಲ್ದಾಣದ ಎದುರು, ಚಿನಾರ್ ಮರದ ಕೆಳಗಿನ ಕಾಫಿ ಅಂಗಡಿಯಲ್ಲಿ ಆ ಮಧ್ಯಾಹ್ನ ಹನ್ನೊಂದು ಗಂಡಸರು ಕೂತಿದ್ದರು, ಹನ್ನೊಂದು ಫೋನುಗಳು ಅರಚುತ್ತಿದ್ದವು. ಒಂದರಲ್ಲಿ ಫುಟ್‌ಬಾಲ್. ಒಂದರಲ್ಲಿ ಯಾರೋ ಯಾರಿಗೋ ಕಪಾಳಕ್ಕೆ ಬಾರಿಸುವ ವಿಡಿಯೊ. ಇನ್ನೊಂದರಲ್ಲಿ ತುರ್ಕಿ ಧಾರಾವಾಹಿಯ ಹೆಂಗಸು ಗೋಳೋ ಎಂದು ಅಳುತ್ತಿದ್ದಳು. ಯಾರಿಗೂ ಕಿವಿಗೆ ಏನಾದರೂ ಸಿಕ್ಕಿಸಿಕೊಳ್ಳುವ ಮರ್ಯಾದೆ ಇಲ್ಲ. ಪಕ್ಕದವನ ಸದ್ದು ಜಾಸ್ತಿಯಾದರೆ ತಾನೂ ಒಂದು ಗೆರೆ ಏರಿಸುವುದು, ಅಷ್ಟೇ ಅವರ ನಡುವೆ ಉಳಿದಿದ್ದ ಮಾತುಕತೆ.

ಎದುರಿನ ಗೂಡಂಗಡಿಯಲ್ಲಿ ಎರ್ಗಿಸ್ ಒಂದು ಫೋನಿನ ಒಡೆದ ಗಾಜನ್ನು ಬ್ಲೇಡಿನಿಂದ ಎಬ್ಬಿಸುತ್ತ ಇದನ್ನೆಲ್ಲ ನೋಡುತ್ತಿದ್ದ. ಆ ಹನ್ನೊಂದರಲ್ಲಿ ಒಂಬತ್ತು ಫೋನುಗಳನ್ನು ಅವನೇ ಬಿಚ್ಚಿ ಜೋಡಿಸಿದ್ದ. ಹಾಗಾಗಿ ಊರಿನ ಯಾವ ಗಂಡಸು ಏನು ನೋಡುತ್ತಾನೆ ಎನ್ನುವುದು ಹೆಂಡಂದಿರಿಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಅವನಿಗೆ ಇಪ್ಪತ್ತೆರಡು ವರ್ಷ. ಸಿಟ್ಟು ಮಾತ್ರ ಅರವತ್ತರದ್ದು. ಅವನು ಚಿಕ್ಕವನಿದ್ದಾಗ ಇದೇ ಮರದ ಕೆಳಗೆ ಭಾನುವಾರ ಮಧ್ಯಾಹ್ನ ಇದೇ ಗಂಡಸರು ಹೆಗಲಿಗೆ ಹೆಗಲು ತಾಗಿಸಿ ಹಾಡುತ್ತಿದ್ದರು. ಆಗ ಹಾಡು ಕೇಳಬೇಕೆಂದರೆ ಒಂದು ಮೇಜು, ನಾಲ್ಕು ಲೋಟ, ನಾಲ್ಕು ಗಂಟಲು ಬೇಕಾಗುತ್ತಿತ್ತು. ಈಗ ಒಂದು ಅಂಗೈ ಸಾಕು. ಇವರ ಅಂಗೈಗಳನ್ನು ದುರಸ್ತಿ ಮಾಡಿಯೇ ತನ್ನ ಮನೆ ಒಲೆ ಉರಿಯುತ್ತಿದೆ ಎನ್ನುವುದು ನೆನಪಾದಾಗ ಅವನ ಸಿಟ್ಟು ಇನ್ನೂ ಏರುತ್ತಿತ್ತು.

ಶೆಮ್ಸೋ ತಾತ ಗಾಳಿಗೆ ಟೋಪಿ ಹಿಡಿದುಕೊಂಡು ರಸ್ತೆ ದಾಟಿ ಬಂದ. ವಯಸ್ಸು ಎಪ್ಪತ್ತೆಂಟು. ಈ ಸೀಮೆಯಲ್ಲಿ ಹಾಡು ಎತ್ತುವುದಕ್ಕೆ ಅವನ ಸಮ ಇನ್ನೊಬ್ಬನಿಲ್ಲ, ಹಾಗೆಂದು ಅವನೇ ಹೇಳುತ್ತಿದ್ದ, ಬೇರೆಯವರೂ ಅಲ್ಲ ಅನ್ನುತ್ತಿರಲಿಲ್ಲ. ಫೋನನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟ.

"ಇದು ಸತ್ತೋಯ್ತು ಕಣೋ."

"ಸತ್ತಿಲ್ಲ ತಾತ. ಕಾದು ಕೆಂಡ ಆಗಿದೆ. ನಿನ್ನ ಧಾರಾವಾಹಿ ನೂರ ಹನ್ನೆರಡನೇ ಕಂತಲ್ಲಿ ನಿಂತಿದೆ ನೋಡು."

"ಮೆಲ್ಲಗೆ ಬೊಗಳೋ ಕತ್ತೆ!" ಶೆಮ್ಸೋ ಕಾಫಿ ಅಂಗಡಿಯ ಕಡೆ ಕಳ್ಳನೋಟ ಹಾಯಿಸಿ, ಬಗ್ಗಿ ಕೇಳಿದ. "ಆ ಕಣ್ಣು ಹೋದೋಳು ಬದುಕ್ತಾಳಾ?"

"ನಂಗೇನು ಗೊತ್ತು?"

"ನೀನು ಎಲ್ಲರ ಫೋನೂ ನೋಡೋನಲ್ವಾ." ತಾತ ಸ್ಟೂಲು ಎಳೆದುಕೊಂಡು ಕೂತ. "ಅದಿರ್ಲಿ. ಬರೋ ಭಾನುವಾರ ನಿಮ್ಮಕ್ಕನ ಹೊಸಿಲ ಹಾಡು. ನಾನು ಎತ್ತುತ್ತೀನಿ. ಹಿಕ್ಮೆತ್ ಕತ್ತರಿಸ್ತಾನೆ. ಶ್ರುತಿಗೆ ಯಾರು?"

ಈ ಸೀಮೆಯ ಹಾಡಿಗೆ ವಾದ್ಯವಿಲ್ಲ. ಒಬ್ಬ ಹಾಡನ್ನು ಎತ್ತುತ್ತಾನೆ. ಇನ್ನೊಬ್ಬ ಅದಕ್ಕೆ ಅಡ್ಡ ಬಿದ್ದು ಕತ್ತರಿಸುತ್ತಾನೆ. ಉಳಿದವರು ಕೆಳಗೆ ‘ಏ’ ಎಂದು ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ, ಅದೇ ಶ್ರುತಿ. ಹಿಡಿದವರು ಒಬ್ಬರಾದ ಮೇಲೊಬ್ಬರು ಕದ್ದು ಉಸಿರು ತೆಗೆದುಕೊಳ್ಳಬೇಕು, ಸ್ವರ ಮಾತ್ರ ಹರಿಯಕೂಡದು. ಎರ್ಗಿಸನ ಮನೆತನದಲ್ಲಿ ಹೆಣ್ಣು ಹೊರಡುವ ದಿನ ಮದುಮಗಳು ಹೊಸಿಲ ಮೇಲೆ ನಿಲ್ಲುತ್ತಾಳೆ. ಗಂಡಿನ ಕಡೆಯವರು ಗೇಟಿನಾಚೆ ಎಂಜಿನ್ ಆರಿಸಿ ಕಾಯುತ್ತಾರೆ. ಹಾಡಿನ ನಡುವೆ ಶ್ರುತಿ ಹರಿದರೆ ಅವರು ಹೋ ಎಂದು ಗೇಲಿ ಮಾಡುತ್ತಾರೆ, ಹಾಡು ಮತ್ತೆ ಮೊದಲಿಂದ. ಕೊನೆಯ ಸ್ವರ ನಿಂತ ಮೇಲೆಯೇ ಹುಡುಗಿ ಕಾಲು ಎತ್ತಬೇಕು, ಆಮೇಲೆಯೇ ಎಂಜಿನ್ ಚಾಲೂ.

ಅಕ್ಕ ರುದೀನಾ ಒಂದೇ ಮಾತು ಹೇಳಿ ಕೂತಿದ್ದಳು: "ಊಟದ ಹಾಲ್‌ನಲ್ಲಿ ಯಾವ ಡಬ್ಬ ಬೇಕಾದ್ರೂ ಬಡ್ಕೊಳ್ಳಿ. ಹೊಸಿಲಿಂದ ಮಾತ್ರ ನಾನು ಹಾಡಿಲ್ಲದೆ ಇಳಿಯಲ್ಲ."

ಶ್ರುತಿ ಹಿಡಿಯುತ್ತಿದ್ದವರು ಮೂವರು. ಒಬ್ಬ ಮಣ್ಣಿನಲ್ಲಿದ್ದ. ಇನ್ನೊಬ್ಬನಿಗೆ ಉಬ್ಬಸ. ಮೂರನೆಯವನು ನೆವ್ರೂಜ್, ಎರ್ಗಿಸನ ಅಪ್ಪ.

"ನೀನು ಹಿಡಿಯೋ," ಎಂದ ಶೆಮ್ಸೋ. "ಚಿಕ್ಕೋನಿದ್ದಾಗ ಅಪ್ಪನ ಪಕ್ಕ ನಿಂತು ಹಿಡೀತಿದ್ದೆ."

"ಹಾಡೋದು ಬಿಟ್ಟು ಆರು ವರ್ಷ ಆಯ್ತು."

"ಶ್ರುತಿ ಹಿಡಿಯೋದು ಹಾಡೋದಲ್ವೋ. ಬಾಯಿ ತೆರೆದು ನಿಲ್ಲೋದು."

"ಬಾಯಿ ತೆರೆದು ನಿಲ್ಲೋಕೆ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಅಲ್ನೋಡು," ಎಂದು ಎರ್ಗಿಸ್ ಕಾಫಿ ಅಂಗಡಿಯ ಕಡೆ ಬ್ಲೇಡು ತೋರಿಸಿದ. "ನಂಗೆ ಬಿಡು. ಶ್ರುತಿ ನಾನು ಡಬ್ಬದಲ್ಲಿ ಹಾಕಿಕೊಡ್ತೀನಿ."

ಹೇಳಿದ ಹಾಗೆ ಮಾಡಿದ. ಎಂಟು ವರ್ಷದ ಹಿಂದಿನ ಒಂದು ಮದುವೆಯ ವಿಡಿಯೊದಿಂದ ಅಪ್ಪನ ದನಿಯನ್ನು ಕಿತ್ತು, ತೊಳೆದು, ತುದಿಗೆ ತುದಿ ಹೊಲಿದ. ಎಷ್ಟು ಹೊತ್ತು ಬೇಕಾದರೂ ಓಡುವ ‘ಏ’, ಉಸಿರೇ ಬೇಡದ ಅಪ್ಪ. ಬುಧವಾರ ಹಿಕ್ಮೆತನ ಮಾಂಸದಂಗಡಿಯ ಹಿತ್ತಲಲ್ಲಿ, ನೇತುಹಾಕಿದ ಎರಡು ಕುರಿಗಳ ನಡುವೆ ಸ್ಪೀಕರ್ ಇಟ್ಟು ಒತ್ತಿದ. ಶೆಮ್ಸೋ ಎತ್ತಿದ. ಹಿಕ್ಮೆತ್ ಚೂರಿ ಒರೆಸಿಕೊಂಡು ಕತ್ತರಿಸಿದ. ಮೊದಲ ಸಾಲು ಬೆಣ್ಣೆಯ ಹಾಗೆ ಹೋಯಿತು. ಎರಡನೇ ಸಾಲಿಗೆ ಶೆಮ್ಸೋನ ಗಂಟಲು ಬಿಸಿಯಾಯಿತು, ಬಿಸಿಯಾದಂತೆ ಅವನ ದನಿ ಕೂದಲೆಳೆಯಷ್ಟು ಮೇಲಕ್ಕೆ ಸರಿಯುತ್ತದೆ. ಅರವತ್ತು ವರ್ಷದಿಂದ ಸರಿಯುತ್ತಿದೆ, ಶ್ರುತಿ ಹಿಡಿದವರು ಅದರ ಬೆನ್ನು ಹತ್ತಿ ಏರುತ್ತ ಬಂದಿದ್ದಾರೆ. ಸ್ಪೀಕರು ಏರಲಿಲ್ಲ. ಮೂರನೇ ಸಾಲಿನ ಹೊತ್ತಿಗೆ ಕೇಳಿದವರ ಹಲ್ಲು ಜುಮ್ಮೆಂದಿತು.

"ನಿಲ್ಸೋ ಅದನ್ನ!" ಶೆಮ್ಸೋ ಟೋಪಿ ಕಿತ್ತು ಸ್ಪೀಕರಿನ ಮೇಲೆ ಎಸೆದ. "ಇದಕ್ಕೆ ಬಾಯಿದೆ, ಕಿವಿ ಇಲ್ಲ. ನಾನು ಮೇಲೆ ಹೋದ್ರೂ ಸತ್ರೂ ಇದು ತನ್ನ ಪಾಡಿಗೆ ಊದ್ತಾನೇ ಇರುತ್ತೆ."

ಹಿಕ್ಮೆತ್ ನಕ್ಕ. "ನಮ್ಮ ಪ್ರಧಾನಿ ಥರ."

ಆ ಸಂಜೆ ಮನೆಯಲ್ಲಿ ಅಮ್ಮ ಲೀರಿ ಬ್ಯುರೆಕ್ ಕಡುಬಿಗೆ ಹಿಟ್ಟು ತೀಡುತ್ತ, ತಲೆ ಎತ್ತದೆ ಹೇಳಿದಳು. "ನಿಮ್ಮಪ್ಪನ್ನೇ ಫೋನಲ್ಲಿ ಕರೀರಿ. ಅಲ್ಲಿಂದಲೇ ಹಿಡೀಲಿ."

"ಅವನು ಅಲ್ಲಿಂದ ನೋಡೋದೊಂದು ಬಾಕಿ ಇತ್ತು, ನೋಡ್ಲಿ," ಎಂದ ಎರ್ಗಿಸ್. "ಮಗಳ ಮದುವೆ. ಒಳ್ಳೇ ಸಿನಿಮಾ. ಕಾಲು ಚಾಚಿಕೊಂಡು ನೋಡ್ಲಿ."

"ನಾಲಿಗೆ ಬಿಗಿ ಹಿಡಿ," ಎಂದಳು ರುದೀನಾ. "ನಂಗೆ ಅಪ್ಪ ನೋಡೋದು ಬೇಡ. ಎಲ್ಲರೂ ನೋಡ್ತಾರೆ, ನೋಡೋರಿಗೇನು ಬರ. ಅಪ್ಪ ನನ್ನನ್ನ ಕಳಿಸಿಕೊಡ್ಬೇಕು."

ನೆವ್ರೂಜ್ ಆರು ವರ್ಷದ ಹಿಂದೆ ಇಟಲಿಗೆ ಹೋದವನು ಪೋ ನದಿಯ ಬಯಲಿನಲ್ಲಿ ಹಸುಗಳ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ಕಾಗದಪತ್ರ ಇರಲಿಲ್ಲ. ಈಗ ಅರ್ಜಿ ಹಾಕಿದ್ದಾನೆ, ಅರ್ಜಿ ಎಲ್ಲೋ ಒಂದು ಮೇಜಿನ ಮೇಲಿದೆ. ಅದು ಆ ಮೇಜಿನಿಂದ ಏಳುವ ಮೊದಲು ಅವನು ಗಡಿ ದಾಟಿದರೆ ಮತ್ತೆ ಒಳಗೆ ಬಿಡುವುದಿಲ್ಲ. ಇದೆಲ್ಲ ಎರ್ಗಿಸನಿಗೆ ಗೊತ್ತಿತ್ತು. ಗೊತ್ತಿದ್ದರೆ ಸಿಟ್ಟು ಇಳಿಯಬೇಕು ಅಂತೇನೂ ಇಲ್ಲವಲ್ಲ. ಅಪ್ಪ ಬಸ್ಸು ಹತ್ತಿದ ವಾರವೇ ಅವನು ಹತ್ತನೇ ತರಗತಿಯ ನಡುವಿನಿಂದ ಎದ್ದು ಬಂದಿದ್ದ. ಮೇಷ್ಟರು ‘ಬೀಜಗಣಿತ ಚೆನ್ನಾಗಿದೆ ಇವನದು’ ಎಂದು ಹೇಳಿಕೊಂಡು ಮನೆವರೆಗೂ ಬಂದಿದ್ದರು. ಬೀಜಗಣಿತ ಸೌದೆ ತರುತ್ತದೆಯೇ? ಕಳೆದ ಒಂದು ವರ್ಷದಿಂದ ಅಪ್ಪನ ಕರೆ ಬಂದರೆ ಅವನು ಫೋನನ್ನು ಅಮ್ಮನ ಕೈಗಿತ್ತು ಅಂಗಳಕ್ಕೆ ಇಳಿಯುತ್ತಿದ್ದ.

ಆದರೂ ಅಕ್ಕನ ಮಾತು ತೆಗೆದುಹಾಕಲಾಗಲಿಲ್ಲ.

ಗುರುವಾರ ಮಧ್ಯಾಹ್ನ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಶೆಮ್ಸೋ, ಹಿಕ್ಮೆತ್ ಬಂದು ಕೂತರು. ಎರ್ಗಿಸ್ ತನ್ನ ಫೋನಿಗೆ ಸ್ಪೀಕರ್ ಜೋಡಿಸಿ, ಅದನ್ನು ರಾಕಿ ಸಾರಾಯಿಯ ಬಾಟಲಿಗೆ ಒರಗಿಸಿ, ತೆರೆಯನ್ನು ಅಮ್ಮನ ಕಡೆ ತಿರುಗಿಸಿಟ್ಟ. ತಾನು ಬೆನ್ನು ಹಾಕಿ ನಿಂತ. ಅಮ್ಮ ತೆರೆಯಲ್ಲಿ ಕಾಣುವುದನ್ನೆಲ್ಲ ಆ ಫೋನಿನಲ್ಲೇ ಹಿಡಿದಿಡುವ ಗುಂಡಿ ಒತ್ತಿದಳು. ಗಂಡನ ಒಂದು ಕರೆಯನ್ನೂ ಅವಳು ಹಿಡಿದಿಡದೆ ಬಿಟ್ಟವಳಲ್ಲ.

"ಶೆಮ್ಸೋ! ಇನ್ನೂ ಸತ್ತಿಲ್ವಾ ಮುದುಕ?" ಎಂಬ ದನಿ ಬಂತು.

"ನಿನ್ನ ಹಸುಗಳಿಗೆ ಹೇಳಿ ಹೋಗೋಣ ಅಂತ ಕಾಯ್ತಿದೀನಿ. ಶ್ರುತಿ ಹಿಡಿ, ಹರಟೆ ಸಾಕು."

ಶೆಮ್ಸೋ ಎತ್ತಿದ. ಕೆಳಗಿನಿಂದ ನೆವ್ರೂಜನ ‘ಏ’ ಬಂತು. ಒಂದು ಚೂರು ತಡವಾಗಿ, ಆದರೆ ಬಂತು. ಒಲೆಯ ಮೇಲಿಟ್ಟ ದೊಡ್ಡ ಹಂಡೆಯ ಗುಂಯ್‌ಗುಡುವಿಕೆಯ ಹಾಗೆ ಚಪ್ಪರದ ಕೆಳಗೆಲ್ಲ ತುಂಬಿತು. ರುದೀನಾ ಬಾಗಿಲ ಹಿಂದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮೂರು ಎಣಿಸುವಷ್ಟು, ನಾಲ್ಕು ಎಣಿಸುವಷ್ಟು. ಆಮೇಲೆ ಆ ದನಿ ತೆಳ್ಳಗಾಯಿತು, ನೀರಿಗೆ ಬಿದ್ದ ಸಕ್ಕರೆಯ ಹಾಗೆ ಇಲ್ಲವಾಯಿತು. ಶೆಮ್ಸೋ ಒಬ್ಬನೇ ಮೇಲೆ ನೇತಾಡುತ್ತಿದ್ದ.

"ಮತ್ತೆ," ಎಂದ ಶೆಮ್ಸೋ.

ಮತ್ತೆ ಅದೇ. ಮೂರನೇ ಸಲವೂ ಅದೇ. ನಾಲ್ಕು ಎಣಿಸುವಷ್ಟರಲ್ಲಿ ನೆವ್ರೂಜ್ ಮಾಯ.

"ಏನೋ ನೆವ್ರೂಜ್, ಉಸಿರನ್ನ ಹಸುಗಳಿಗೆ ಮಾರ್ಕೊಂಡ್ಯಾ?" ಎಂದ ಹಿಕ್ಮೆತ್.

"ನಾನು ಬಿಟ್ಟಿಲ್ವಲ್ಲೋ!" ಎಂದಿತು ಸ್ಪೀಕರು. "ಹಿಡಿದೇ ಇದ್ದೆ. ನೀವು ನಿಲ್ಲಿಸೋವರೆಗೂ ಹಿಡಿದಿದ್ದೆ."

"ಹಿಡಿದಿದ್ನಂತೆ," ಎಂದ ಎರ್ಗಿಸ್, ತಿರುಗದೆ, ಆದರೆ ಫೋನಿಗೆ ಕೇಳುವಷ್ಟು ಗಟ್ಟಿಯಾಗಿ. "ಹಿಡಿಯೋದೂ ಗೊತ್ತು, ನಡುವೆ ಬಿಟ್ಟು ಹೋಗೋದೂ ಗೊತ್ತು. ಅಭ್ಯಾಸ ಆಗಿದೆಯಲ್ಲ."

ಫೋನಿನಿಂದ ಕರೆ ಮುಗಿದ ಟುಂಯ್ ಸದ್ದು ಬಂತು. ಶೆಮ್ಸೋ ಎದ್ದು ಟೋಪಿ ಹಾಕಿಕೊಂಡ.

"ನಾಲಿಗೆ ಇದೆ ನಿಂಗೆ," ಎಂದ ಹೋಗುತ್ತ. "ಅದನ್ನ ಹಾಡೋಕೆ ಬಳಸ್ದೆ ಕೊಲ್ಲೋಕೆ ಬಳಸ್ತೀಯ."

ರುದೀನಾ ಒಣಗಲು ಹಾಕಿದ್ದ ಬಿಳಿ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಮಡಿಸಿ, ಒಳಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಎರ್ಗಿಸ್ ಏಳುವ ಹೊತ್ತಿಗೆ ಅಮ್ಮ ಅಡುಗೆಮನೆಯಲ್ಲಿ ಕಾಫಿ ಮುಂದಿಟ್ಟುಕೊಂಡು ಅವನ ಫೋನಿನಲ್ಲಿ ನಿನ್ನೆಯ ವಿಡಿಯೊ ನೋಡುತ್ತಿದ್ದಳು. ಊರಿನ ಹೆಂಗಸರು ಬೆಳಿಗ್ಗೆ ಅಡುಗೆಯದೋ ಅಳುವಿನದೋ ವಿಡಿಯೊ ನೋಡಿದರೆ ಅವಳದು ಈ ಒಂದೇ ವಾಹಿನಿ: ನೆವ್ರೂಜ್. ನೆವ್ರೂಜ್ ಊಟ ಮಾಡುತ್ತಿದ್ದಾನೆ. ನೆವ್ರೂಜ್ ಕರುವಿಗೆ ಬಾಟಲಿ ಹಿಡಿದಿದ್ದಾನೆ.

"ಕೊಡಮ್ಮ, ಅಂಗಡಿಗೆ ಹೊತ್ತಾಯ್ತು."

"ನೋಡೋ, ಕತ್ತಿನ ನರ ನೋಡು ಅವರದು," ಎಂದಳು ಅಮ್ಮ. "ಹಗ್ಗ ಹಗ್ಗ ಆಗಿದೆ."

ನೋಡಬಾರದು ಎಂದುಕೊಂಡೇ ಅವನು ನೋಡಿದ. ತೆರೆಯ ಮೇಲೆ ಅಪ್ಪ. ಕೂದಲು ಅಷ್ಟೊಂದು ಬೆಳ್ಳಗಾಗಿದ್ದು ಯಾವಾಗ? ಬಾಯಿ ಅಗಲ ತೆರೆದಿತ್ತು. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಕತ್ತಿನ ನರ ಉಬ್ಬಿ ಮಿಡಿಯುತ್ತಿತ್ತು. ಅಪ್ಪ ಸ್ವರ ಹಿಡಿದೇ ಇದ್ದ. ಸದ್ದು ಇರಲಿಲ್ಲ, ಅಷ್ಟೇ.

ಎರ್ಗಿಸ್ ಫೋನು ಕಿತ್ತುಕೊಂಡು ಹಿಂದಕ್ಕೆ ಎಳೆದು ಮತ್ತೆ ಓಡಿಸಿದ. ನಾಲ್ಕು ಎಣಿಕೆಗೆ ದನಿ ಕರಗಿತು, ಬಾಯಿ ಮಾತ್ರ ಮುಚ್ಚಲಿಲ್ಲ. ಹತ್ತು. ಹದಿನೈದು. ಇಪ್ಪತ್ತು ಎಣಿಸುವವರೆಗೂ ಆ ಮನುಷ್ಯ ಹಿಡಿದೇ ಇದ್ದ. ಆಗ ಎರ್ಗಿಸನ ಕಣ್ಣು ಅಪ್ಪನ ಹಿಂದಕ್ಕೆ ಹೋಯಿತು. ಕೊಟ್ಟಿಗೆಯ ಮಾಡಿನಲ್ಲಿ ಆಳೆತ್ತರದ ಎರಡು ಫ್ಯಾನುಗಳು ಗಿರಗಿರ ತಿರುಗುತ್ತಿದ್ದವು. ಲಾರಿ ಎಂಜಿನ್ನಿನಷ್ಟು ಸದ್ದು ಮಾಡಬೇಕಾದ ಫ್ಯಾನುಗಳು. ಅವುಗಳದೂ ಒಂದು ಪಿಟ್ ಸದ್ದಿಲ್ಲ.

"ಅಮ್ಮಾ, ಅಪ್ಪ ಮಾತಾಡುವಾಗ ಆ ಫ್ಯಾನ್ ಸದ್ದು ಯಾವತ್ತಾದ್ರೂ ಕೇಳಿದ್ಯಾ?"

"ಇಲ್ಲಪ್ಪ. ಒಳ್ಳೇ ಕಂಪನಿ ಫ್ಯಾನಿರ್ಬೇಕು."

"ಒಳ್ಳೇ ಕಂಪನಿಯ ಮನೆ ಹಾಳಾಗ!" ಎಂದು ಎರ್ಗಿಸ್ ಬಾಗಿಲಿಗೆ ಒದ್ದ.

ಅವನು, ದಿನಕ್ಕೆ ಹತ್ತು ಫೋನಿನ ಹೊಟ್ಟೆ ಬಗೆಯುವವನು, ಇಷ್ಟು ಚಿಕ್ಕ ವಿಷಯ ಮರೆತಿದ್ದ. ಒಂದೇ ಸಮನೆ ಬರುವ ಸದ್ದನ್ನು ಈ ಫೋನುಗಳು ಸೋಸಿ ಚೆಲ್ಲುತ್ತವೆ. ಏರಿಳಿದರೆ ಅದು ಮಾತು, ಏರದೆ ಇಳಿಯದೆ ನಿಂತರೆ ಅದು ಕಸ. ಮೂರು ನಾಲ್ಕು ಎಣಿಸುವವರೆಗೆ ಫೋನು ನೋಡುತ್ತದೆ, ಆಮೇಲೆ ತೀರ್ಮಾನಿಸುತ್ತದೆ: ಇದು ಫ್ಯಾನು. ಎಲ್ಲೋ ತಂಪು ಕೋಣೆಯಲ್ಲಿ ಕೂತು ಇದನ್ನು ಮಾಡಿದ ಜಾಣನಿಗೆ, ಒಂದೇ ಸ್ವರ ಹಿಡಿದು ನಿಲ್ಲುವುದೇ ಹಾಡು ಅನ್ನುವ ಜನ ಭೂಮಿಯ ಮೇಲೆ ಇದ್ದಾರೆಂದು ಯಾರು ಹೇಳಬೇಕಿತ್ತು? ಅಪ್ಪನ ಶ್ರುತಿಯನ್ನು ಫೋನು ನುಂಗಿತ್ತು. ಬಿಟ್ಟು ಹೋದದ್ದು ಅಪ್ಪ ಅಂತ ಹೇಳಿದವನು ಮಾತ್ರ ಎರ್ಗಿಸ್.

ಅಂಗಡಿಗೆ ಹೋಗಿ, ಅರ್ಧ ಬಾಗಿಲು ಎಳೆದುಕೊಂಡು, ಒಂದು ವರ್ಷದಲ್ಲಿ ಮೊದಲ ಸಲ ಅವನೇ ಅಪ್ಪನಿಗೆ ಕರೆ ಮಾಡಿದ.

"ಯಾರಿಗೆ ಏನಾಯ್ತು?" ನೆವ್ರೂಜ್ ಹೆದರಿದ್ದ. ಈ ಮಗ ಕರೆ ಮಾಡಬೇಕಾದರೆ ಮನೆಯಲ್ಲಿ ಸಾವೇ ಆಗಿರಬೇಕು ಎನ್ನುವ ದನಿ.

"ಯಾರಿಗೂ ಏನೂ ಆಗಿಲ್ಲ. ನಿನ್ನ ಫೋನು ಯಾವುದು?"

"ಕಪ್ಪಗಿದೆ."

"ಕಪ್ಪಗಿದೆ! ಹೋಗ್ಲಿ. ಮೇಲೆ ಮೂಲೇಲಿ ಮೂರು ಚುಕ್ಕೆ ಇದೆಯಾ? ಒತ್ತು."

"ಒತ್ತಿದೆ. ಏನೇನೋ ಬಂತು. ಎಲ್ಲಾ ಇಟಲಿ ಭಾಷೆ."

"ಓದು."

ಅಪ್ಪ ಓದಿದ. ನಾಲ್ಕನೇ ತರಗತಿಯ ಹುಡುಗನ ಹಾಗೆ ಒಂದೊಂದೇ ಅಕ್ಷರ ಕೂಡಿಸಿ, ಹಸುಗಳ ನಡುವೆ ನಿಂತು. ಎರ್ಗಿಸನಿಗೂ ಆ ಭಾಷೆ ಅರ್ಧಂಬರ್ಧ. ಇಬ್ಬರೂ ಕತ್ತಲಲ್ಲಿ ಬೀಗದ ಕೈ ಹುಡುಕುವವರ ಹಾಗೆ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಇಳಿದರು. ನಡುವೆ ಅಪ್ಪ ಯಾವುದೋ ಒತ್ತಿ ತೆರೆಯನ್ನೆಲ್ಲ ತಲೆಕೆಳಗು ಮಾಡಿಕೊಂಡ. ಬೇರೆ ದಿನವಾಗಿದ್ದರೆ ಎರ್ಗಿಸ್ ಫೋನು ಕುಕ್ಕುತ್ತಿದ್ದ. ಇವತ್ತು, "ಪರವಾಗಿಲ್ಲ, ಹಿಂದೆ ಬಾ. ಮೊದಲಿಂದ ಹೋಗೋಣ," ಎಂದ.

ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿತು: ಸದ್ದು ಸೋಸುವ ಗುಂಡಿ.

"ಆಫ್ ಮಾಡು ಅದನ್ನ."

ಆಫ್ ಮಾಡಿದ ಕ್ಷಣ ಎರ್ಗಿಸನ ಕಿವಿಗೆ ಗಾಳಿಯೇ ನುಗ್ಗಿದ ಹಾಗಾಯಿತು. ಫ್ಯಾನುಗಳು. ತಗಡಿನ ಮಾಡು. ಎಲ್ಲೋ ಒಂದು ಕಬ್ಬಿಣದ ಗೇಟು. ಹತ್ತಿರದಲ್ಲೇ ಮೂಗಿನಿಂದ ಬಿಸಿಯುಸಿರು ಬಿಟ್ಟ ಒಂದು ಹಸು. ಆರು ವರ್ಷದಿಂದ ಅಪ್ಪ ನಿಂತಿದ್ದ ಜಾಗದ ಸದ್ದನ್ನು ಅವನು ಮೊದಲ ಸಲ ಕೇಳಿದ. ಎಷ್ಟು ಗದ್ದಲ ಅಲ್ಲಿ!

"ಕೇಳ್ತಿದೆಯಾ?" ಅಪ್ಪ ಫ್ಯಾನಿನ ಮೇಲೆ ಕೂಗಿದ.

"ಕೇಳ್ತಿದೆ. ನಿನ್ನೆ ನೀನು ಬಿಟ್ಟಿರ್ಲಿಲ್ಲ. ಫೋನು ತಿಂದಿತ್ತು."

"ನಾನು ಅದೇ ಹೇಳಿದ್ನಲ್ಲೋ."

"ಹೇಳಿದ್ದೆ."

ಎರ್ಗಿಸ್ ಮೇಜಿನ ಮೇಲಿದ್ದ ಬ್ಲೇಡನ್ನು ಎತ್ತಿ ಡಬ್ಬಕ್ಕೆ ಹಾಕಿದ.

"ಭಾನುವಾರ ಫ್ಯಾನು ಆರಿಸ್ತಾರಾ?" ಎಂದು ಕೇಳಿದ ಎರ್ಗಿಸ್.

"ಆರಿಸಿದ್ರೆ ಹಸು ಬೇಯುತ್ತೆ. ನಾನು ಮೇವಿನ ಕೋಣೆಗೆ ಹೋಗ್ತೀನಿ."

"ತಂತಿ ಇರೋದು ಕಿವಿಗೆ ಸಿಕ್ಕಿಸ್ಕೋ. ಇಲ್ಲಾಂದ್ರೆ ನಮ್ಮ ಹಾಡು ನಿನ್ನ ಕಡೆಯಿಂದ ತಿರುಗಿ ನಮಗೇ ಬರುತ್ತೆ."

"ಆಯ್ತು ಮೇಷ್ಟ್ರೇ," ಎಂದ ಅಪ್ಪ.

ಭಾನುವಾರ ಹನ್ನೆರಡು ಗಂಟೆಗೆ ಗಂಡಿನ ಕಡೆಯ ಒಂಬತ್ತು ಕಾರುಗಳು ಹಾರನ್ ಬಾರಿಸುತ್ತ ಬಂದು ಗೇಟಿನಾಚೆ ನಿಂತು ಎಂಜಿನ್ ಆರಿಸಿದವು. ರುದೀನಾ ಬಿಳಿ ಉಡುಪಿನಲ್ಲಿ ಹೊಸಿಲ ಮೇಲೆ ಬಂದು ನಿಂತಳು. ನಿಂತ ಕೂಡಲೇ ಅಂಗಳದ ತುಂಬ ಕೈಗಳು ಎದ್ದವು, ಪ್ರತಿ ಕೈಯಲ್ಲಿ ಒಂದು ಫೋನು. ಕಾಫಿ ಅಂಗಡಿಯ ಹನ್ನೊಂದು ಗಂಡಸರೂ ಇದ್ದರು, ಹನ್ನೊಂದು ಫೋನುಗಳೂ ಇದ್ದವು.

ಶೆಮ್ಸೋ ಕೋಲು ನೆಲಕ್ಕೆ ಕುಟ್ಟಿದ. "ಕೈ ಕೆಳಗೆ! ಹುಡುಗಿ ಹೋಗ್ತಿರೋದು ನಿಮ್ಮ ಜೇಬಿಗಲ್ಲ. ಈ ಅಂಗಳಕ್ಕೆ ಒಂದು ಫೋನ್ ಸಾಕು, ಅದು ಹಾಡೋಕೆ ಬಂದಿದೆ."

ಜನ ನಕ್ಕರು. ಅರ್ಧದಷ್ಟು ಕೈ ಇಳಿದವು. ಉಳಿದರ್ಧ ಶೆಮ್ಸೋ ಹೆಸರು ಹಿಡಿದು ಬೈದ ಮೇಲೆ ಇಳಿದವು. ಕ್ಷೌರಿಕ ಬೆಕೋ ತನ್ನ ಖಾಲಿ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

ಎರ್ಗಿಸ್ ಹಾಡುಗಾರರ ಪಕ್ಕದಲ್ಲಿ ಫೋನನ್ನು ಎದೆಯ ಮುಂದೆ ಹಿಡಿದು ನಿಂತ. ಸ್ಪೀಕರು ಕಾಲ ಬಳಿ. ಈ ಸಲ ತೆರೆ ಅವನ ಕಡೆಗೇ ಇತ್ತು. ಹುಲ್ಲಿನ ಕಟ್ಟುಗಳ ಮುಂದೆ ಅಪ್ಪ ಕೋಟು ಹಾಕಿಕೊಂಡು ನಿಂತಿದ್ದ. ಯಾರದೋ ಕೋಟು, ಭುಜ ದೊಡ್ಡದಾಗಿತ್ತು.

"ಇವನ ದನಿ ತಡವಾಗಿ ಬರುತ್ತಲ್ಲೋ," ಎಂದು ಹಿಕ್ಮೆತ್ ಪಿಸುಗುಟ್ಟಿದ.

"ಎತ್ತೋನು ತಡ ಆದ್ರೆ ಕಷ್ಟ, ಕತ್ತರಿಸೋನು ತಡ ಆದ್ರೆ ಕಷ್ಟ. ಶ್ರುತಿಗೆಲ್ಲಿದೆ ತಾಳ?" ಎಂದ ಎರ್ಗಿಸ್. "ಅದು ಎಷ್ಟು ದೂರದಿಂದ ಬಂದ್ರೂ ಶ್ರುತಿನೇ."

ಶೆಮ್ಸೋ ಅವನ ಮುಖ ನೋಡಿ, ಒಂದು ಕೈ ಕಿವಿಗೆ ಒತ್ತಿಕೊಂಡು, ಎತ್ತಿದ.

ಸ್ಪೀಕರಿನಿಂದ ನೆವ್ರೂಜ್ ಬಂದ. ಮೂರು ಎಣಿಕೆ, ನಾಲ್ಕು, ಐದು. ದನಿ ಕರಗಲಿಲ್ಲ. ಮೊದಲ ಸಾಲು ದಾಟಿತು. ಹಿಕ್ಮೆತ್ ಅಡ್ಡ ಬಿದ್ದು ಕತ್ತರಿಸಿದ. ಎರಡನೇ ಸಾಲಿಗೆ ಶೆಮ್ಸೋನ ದನಿ ಎಂದಿನ ಹಾಗೆ ಕೂದಲೆಳೆಯಷ್ಟು ಮೇಲೆ ಸರಿಯಿತು. ಸಾವಿರ ಕಿಲೋಮೀಟರ್ ಆಚೆ ಅದನ್ನು ಕೇಳಿಸಿಕೊಂಡ ನೆವ್ರೂಜ್ ಅಷ್ಟೇ ಕೂದಲೆಳೆ ಮೇಲೇರಿದ. ಇದಕ್ಕೆ ಕಿವಿ ಇತ್ತು. ಶೆಮ್ಸೋನ ಕಣ್ಣು ಅರಳಿತು. ಅಷ್ಟರಲ್ಲಿ ನೆವ್ರೂಜನ ಉಸಿರು ಮುಗಿಯಿತು. ಐವತ್ತನಾಲ್ಕು ವರ್ಷದ, ಹುಲ್ಲಿನ ದೂಳು ಕುಡಿದ ಎದೆ, ಎಷ್ಟೆಂದು ಹಿಡಿಯುತ್ತದೆ? ಅವನು ಗಕ್ಕನೆ ಉಸಿರೆಳೆದುಕೊಂಡ. ಶ್ರುತಿ ಹರಿಯಿತು.

"ಹೋ!" ಎಂದಿತು ಗೇಟಿನಾಚೆ. "ಮಾವನಿಗೆ ಚಾರ್ಜು ಮುಗೀತು!"

"ಸಂಜೆವರೆಗೂ ಇಲ್ಲೇ ಇರ್ತೀವಾ ಹೇಗೆ? ಹೇಳಿ, ಮಲಗೋಕೆ ಚಾಪೆ ತರ್ತೀವಿ!"

ಅಂಗಳದಲ್ಲೂ ನಗು ಎದ್ದಿತು. ರುದೀನಾ ನಗಲಿಲ್ಲ. ಅವಳು ಶೆಮ್ಸೋನನ್ನೂ ನೋಡಲಿಲ್ಲ, ಫೋನನ್ನೂ ನೋಡಲಿಲ್ಲ. ಹೊಸಿಲ ಮೇಲಿಂದ ನೇರ ತಮ್ಮನನ್ನೇ ನೋಡಿದಳು. ತೆರೆಯ ಮೇಲೆ ಅಪ್ಪ ಕೋಟಿನ ತೋಳಿನಿಂದ ಬಾಯಿ ಒರೆಸಿಕೊಂಡು, "ಕ್ಷಮಿಸಿ, ಒಬ್ಬನೇ ಅಲ್ವಾ," ಎಂದ.

"ಮೊದಲಿಂದ," ಎಂದ ಶೆಮ್ಸೋ, ಕೈ ಮತ್ತೆ ಕಿವಿಗೆ ಹೋಯಿತು.

ಎರಡನೇ ಸಲ ಎರ್ಗಿಸ್ ತೆರೆಯ ಮೇಲಿನ ಆ ದೊಡ್ಡ ಭುಜಗಳನ್ನೇ ನೋಡುತ್ತಿದ್ದ. ಚಿಕ್ಕಂದಿನಲ್ಲಿ ಅಪ್ಪ ಕಲಿಸಿದ್ದು ಅದೊಂದೇ: ಪಕ್ಕದವನ ಭುಜ ನೋಡು, ಅದು ಕುಸಿಯೋಕೆ ಶುರುವಾದ್ರೆ ನೀನು ಹಿಡಿ. ಎರಡನೇ ಸಾಲಿನ ತುದಿಯಲ್ಲಿ ಯಾರದೋ ಕೋಟಿನೊಳಗೆ ಅಪ್ಪನ ಭುಜ ಕುಸಿಯಿತು. ಎರ್ಗಿಸನ ಬಾಯಿ ತೆರೆಯಿತು.

ಹೊರಬಂದ ದನಿ ತುಕ್ಕು ಹಿಡಿದ ಬಾಗಿಲಿನದು. ಆದರೂ ಅದು ‘ಏ’ ಆಗಿತ್ತು, ಸರಿಯಾದ ಜಾಗದಲ್ಲಿತ್ತು. ನೆವ್ರೂಜ್ ಆಚೆ ಕಡೆ ಕಣ್ಣು ತೆರೆದ, ಕೇಳಿದ, ನಿಧಾನವಾಗಿ ಎದೆ ತುಂಬ ಉಸಿರು ತುಂಬಿಕೊಂಡು ಮತ್ತೆ ಬಂದು ಕೂಡಿಕೊಂಡ. ಈಗ ಮಗ ಬಿಟ್ಟ, ಅಪ್ಪ ಹಿಡಿದ. ಅಪ್ಪ ಬಿಟ್ಟ, ಮಗ ಹಿಡಿದ. ಶೆಮ್ಸೋ ಏರಿದಂತೆ ಇಬ್ಬರೂ ಏರಿದರು. ನಾಲ್ಕನೇ ಸಾಲಿನ ಹೊತ್ತಿಗೆ ಎರ್ಗಿಸನ ಹಿಂದೆ ಇನ್ನೊಂದು ಗಂಟಲು ಸೇರಿತು. ಅವನು ತಿರುಗಿ ನೋಡಲಿಲ್ಲ, ಕ್ಷೌರಿಕ ಬೆಕೋನ ಒಡಕು ದನಿ ಊರಿಗೆಲ್ಲ ಗೊತ್ತು. ಆಮೇಲೆ ಮತ್ತೊಂದು. ಆಮೇಲೆ ಎಷ್ಟೋ. ಖಾಲಿ ಕೈಗಳ ಗಂಡಸರು ಬಾಯಿ ತೆರೆದು ನಿಂತಿದ್ದರು. ಅಂಗಳ ನೆಲದಿಂದಲೇ ಗುಂಯ್‌ಗುಟ್ಟಿತು, ಚಪ್ಪರದ ಎಲೆಗಳು ನಡುಗಿದಂತೆ ಕಂಡವು. ಗೇಟಿನಾಚೆ ಹೋ ಅನ್ನಲು ಕಾದಿದ್ದವರು ಟೋಪಿ ತೆಗೆದರು.

ಶೆಮ್ಸೋ ಕೊನೆಯ ಸಾಲನ್ನು ಎತ್ತಿ, ಎತ್ತರದಲ್ಲಿ ಒಂದು ಗಳಿಗೆ ನಿಲ್ಲಿಸಿ, ಕೈ ಕೆಳಗಿಳಿಸಿದ. ಹಿಕ್ಮೆತ್ ನಿಂತ. ಬೆಕೋ ನಿಂತ. ಎರ್ಗಿಸ್ ನಿಂತ. ಅಂಗಳವೆಲ್ಲ ಒಮ್ಮೆಗೇ ಸುಮ್ಮನಾಯಿತು.

ರುದೀನಾ ಕಾಲು ಎತ್ತಿದಳು. ಎತ್ತಿದವಳು ಹಾಗೇ ನಿಂತಳು.

ಸ್ಪೀಕರಿನಲ್ಲಿ ಒಂದು ಸ್ವರ ಇನ್ನೂ ಉಳಿದಿತ್ತು. ಶೆಮ್ಸೋನ ಕೈ ಇಳಿದದ್ದು ಪೋ ಬಯಲಿಗೆ ಇನ್ನೂ ತಲುಪಿರಲಿಲ್ಲ. ಎಲ್ಲರೂ ಮುಗಿಸಿದ ಮೇಲೂ ನೆವ್ರೂಜ್ ಒಬ್ಬನೇ, ಹುಲ್ಲಿನ ಕಟ್ಟುಗಳ ಮುಂದೆ ಕಣ್ಣು ಮುಚ್ಚಿಕೊಂಡು, ಆ ಒಂದು ಚೂರು ತಡವಷ್ಟು ಹೊತ್ತು ಶ್ರುತಿ ಹಿಡಿದೇ ಇದ್ದ. ಮುಂದಿನ ಕಾರಿನವನು ಬೀಗದ ಕೈ ತಿರುಗಿಸಲು ಹೋದವನು ಕೈ ಹಿಂದೆ ತೆಗೆದುಕೊಂಡ.

ಕೊನೆಗೆ ಅದೂ ನಿಂತಿತು. ರುದೀನಾ ಹೊಸಿಲು ದಾಟಿದಳು.